ರೊಟ್ಟಿ ಅಕ್ಕಾರ ಫೋನು

ಈ ಮಾತು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಅಷ್ಟೇ ಸಲ ಎದ್ದು ಹೋಗಿದ್ದೇನೆ. ಕೂತ ಕೂಡಲೇ ನೀರು ಕುಡಿಯಬೇಕು ಅನ್ನಿಸುತ್ತದೆ, ಅಂಗಡಿಗೆ ಹೋಗಬೇಕಿತ್ತಲ್ಲ ಅನ್ನಿಸುತ್ತದೆ, ನಾಳೆ ಬರೆದರಾಯಿತು ಅನ್ನಿಸುತ್ತದೆ. ಮೊನ್ನೆ ಕಂಪ್ಲಿಯಲ್ಲಿ ರೊಟ್ಟಿ ಅಕ್ಕಾರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಬಂದಾಗಿನಿಂದ ಮನೆಯಲ್ಲಿ ಒಂದು ಕಡೆ ನಿಲ್ಲಲಾಗುತ್ತಿಲ್ಲ, ಕೂರಲಾಗುತ್ತಿಲ್ಲ. ನಾನು ಓದಿದ್ದು ಹೈಸ್ಕೂಲಿನ ತನಕ. ಚೆಂದ ಮಾಡಿ ಬರೆಯಲು ಬರುವುದಿಲ್ಲ. ಬಂದಿದ್ದರೂ ಈ ವಿಷಯಕ್ಕೆ ಅದು ಬೇಕಾಗಿರಲಿಲ್ಲ.

ಅಕ್ಕಾರು ಹೊಸಪೇಟೆಯ ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಗಂಡ ಡ್ಯಾಮಿನ ಆಫೀಸಿನಲ್ಲಿದ್ದು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗಂಡ ಇದ್ದಾಗ ಹಾಕಿಸಿದ್ದ ಒಂದು ಫೋನಿತ್ತು. ಓಣಿಯ ಬಹಳ ಮನೆಗಳಲ್ಲಿ ಫೋನಿರಲಿಲ್ಲ. ಗಂಡಸರು ಸಂಡೂರು, ಯಶವಂತನಗರದ ಗಣಿಗಳಲ್ಲಿ ದುಡಿಯುತ್ತಿದ್ದರು. ಅವರೆಲ್ಲ ಅಕ್ಕಾರ ನಂಬರನ್ನೇ ಪಿಪಿ ನಂಬರ್ ಎಂದು, ಅಂದರೆ ಕರೆದು ಕೊಡುವ ನೆರೆಮನೆಯ ನಂಬರ್ ಎಂದು, ಕೊಟ್ಟಿದ್ದರು. ಫೋನ್ ಬಂದರೆ ಅಕ್ಕಾರು ಎತ್ತಿ, ಯಾರಿಗೆ ಬೇಕೆಂದು ಕೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ರಿ ಎಂದು ಇಟ್ಟುಬಿಡುತ್ತಿದ್ದರು. ಕಾಯಿನ್ ಹಾಕಿ ನಿಂತವನ ದುಡ್ಡು ಸುಮ್ಮನೆ ಹರಿಯಬಾರದೆಂದು.

ಆಮೇಲೆ ಕರೆಯುವುದಕ್ಕೆ ಅವರದೇ ಒಂದು ರೀತಿಯಿತ್ತು. ಒಳ್ಳೆಯ ಸುದ್ದಿಯಾದರೆ, ಇಲ್ಲವೇ ಸುಮ್ಮನೆ ಕ್ಷೇಮ ಸಮಾಚಾರವಾದರೆ, ಕಟ್ಟೆಯ ಮೇಲೆ ನಿಂತು ಓಣಿ ತುಂಬ ಕೇಳುವಂತೆ ಕೂಗುತ್ತಿದ್ದರು. ಕೆಟ್ಟ ಸುದ್ದಿಯಾದರೆ ಕೂಗುತ್ತಿರಲಿಲ್ಲ. ಹಿಟ್ಟಿನ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಆ ಮನೆಗೆ ನಡೆದು ಹೋಗಿ, ಮೊದಲು ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದರು. ಹಾಗಾಗಿ ಅಕ್ಕಾರು ಸುಮ್ಮನೆ ನಡೆದು ಬರುತ್ತಿದ್ದರೆ ಬಾಗಿಲಲ್ಲಿ ಕೂತ ಹೆಂಗಸರೆಲ್ಲ ಮಾತು ನಿಲ್ಲಿಸಿ, ಯಾರ ಮನೆಗೆ ಎಂದು ನೋಡುತ್ತಿದ್ದರು.

ಇನ್ನೊಂದು ಹೇಳಬೇಕು. ಯಾರಾದರೂ ಫೋನಿನಲ್ಲಿ ಮಾತಾಡುವಾಗ ಅಕ್ಕಾರು ಒಲೆಯ ಮುಂದೆ ಕೂತು ಜೋರಾಗಿ ರೊಟ್ಟಿ ಬಡಿಯುತ್ತಿದ್ದರು. ಮಾತಾಡುವವರು ಅಳತೊಡಗಿದರೆ ಇನ್ನೂ ಜೋರು. ಒಮ್ಮೆ ನಾನೇ ಅಲ್ಲಿ ರೊಟ್ಟಿಗೆ ನಿಂತಿದ್ದಾಗ, ಹಿಂಗ ಬಡಿದರ ರೊಟ್ಟಿ ಹರಿತಾವಲ್ರಿ ಅಕ್ಕಾರ ಎಂದೆ. "ಹರೀಲಿ ಬಿಡ್ರಿ ಅಣ್ಣಾರ," ಅಂದರು. "ಒಬ್ಬರ ಮನಿ ಮಾತು ನನ್ನ ಕಿವಿಗ್ಯಾಕ?" ಹರಿದ ರೊಟ್ಟಿ ಅವರ ಊಟಕ್ಕೆ.

ನಾನು ಆ ಓಣಿಗೆ ಬಂದದ್ದು ಅದಿರಿನ ಧಂದೆ ಕುದಿಯುತ್ತಿದ್ದ ವರ್ಷಗಳಲ್ಲಿ. ಮೂಲತಃ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದವನು. ಅದನ್ನು ಬಿಟ್ಟು ಹೊಸಪೇಟೆಗೆ ಬಂದು ಲಾರಿ ಬ್ರೋಕರ್ ಆದೆ. ಗಣಿಯಿಂದ ಬಂದರಿಗೆ ಲಾರಿ ಹೊಂದಿಸಿಕೊಡುವ ಕೆಲಸ. ಆಗ ಊರಿಗೆ ಊರೇ ನಿದ್ದೆ ಬಿಟ್ಟಂತಿತ್ತು. ರಸ್ತೆ, ಮರ, ಎಮ್ಮೆ, ಒಣಗಲು ಹಾಕಿದ ಬಟ್ಟೆ, ಎಲ್ಲವೂ ಕೆಂಪು. ಸ್ಟೇಷನ್ ರೋಡಿನ ಹತ್ತಿರ ನಾವಿದ್ದ ಬಾಡಿಗೆ ಮನೆಯನ್ನು ಗಣಿ ಕಂಪನಿಯೊಂದಕ್ಕೆ ಆಫೀಸು ಮಾಡಲು ಕೊಡುತ್ತೇನೆಂದು ಮಾಲೀಕ ನಮ್ಮನ್ನು ಬಿಡಿಸಿದ. ನಾನೂ ನನ್ನ ಹೆಂಡತಿಯೂ ಸಾಮಾನು ಹೊತ್ತುಕೊಂಡು ಅಕ್ಕಾರ ಓಣಿಗೆ, ಅವರ ಪಕ್ಕದ ಮನೆಗೆ ಬಂದೆವು.

ಸಾಮಾನಿನ್ನೂ ಗಾಡಿಯಿಂದ ಇಳಿದಿರಲಿಲ್ಲ, ಅಕ್ಕಾರು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಕೊಡ ನೀರು ತಂದಿಟ್ಟರು. ನಾನು ನಿಂತೇ ತಿಂದೆ. ನನ್ನ ಚಿಂತೆಯೆಲ್ಲ ಇಂಟರ್ನೆಟ್ಟಿನದು.

ಹಳೆಯ ಮನೆಯಲ್ಲಿ ಫೋನ್ ಲೈನಿಗೆ ಇಂಟರ್ನೆಟ್ ಹಾಕಿಸಿದ್ದೆ. ಬಂದರಿನ ಆಫೀಸಿನಿಂದ ಮೇಲ್ ಬರುತ್ತಿತ್ತು. ಹಡಗು ಬಂತು, ಇಷ್ಟು ಲಾರಿ ಬೇಕು, ಯಾವ ಗಣಿಯಿಂದ ಬೇಕು ಎಂದು. ಮೊದಲು ಓದಿ ಮೊದಲು ಹೂಂ ಎಂದವನಿಗೆ ಕೆಲಸ. ಮನೆ ಬದಲಾದ ಮೇಲೆ ಸೈಬರ್ ಕೆಫೆಗೆ ಓಡಬೇಕಾಯಿತು. ಅಲ್ಲಿ ಎಲ್ಲ ಕುರ್ಚಿಯಲ್ಲೂ ನನ್ನಂಥ ಬ್ರೋಕರುಗಳೇ. ಹಿಂದೆ ನಿಂತು ನನ್ನ ಮೇಲ್ ನನಗಿಂತ ಮೊದಲು ಓದಿಬಿಡುವವರು. ನಾನು ಕೆಫೆ, ಮನೆ, ಟೆಲಿಫೋನ್ ಆಫೀಸು ಎಂದು ಸ್ಕೂಟರಿನಲ್ಲಿ ಸುತ್ತುತ್ತಲೇ ಇದ್ದೆ. ಅಕ್ಕಾರು ಕಟ್ಟೆಯಿಂದಲೇ, "ಅಣ್ಣಾರ, ಒಂದೀಟು ಕುಂಡಿ ಊರಿ ಕುಂದರ್ರಿ. ಗುಡ್ಡ ಅಲ್ಲೇ ಐತಿ, ಓಡಿ ಹೋಗಂಗಿಲ್ಲ," ಎಂದು ನಗುತ್ತಿದ್ದರು. ಗುಡ್ಡವೇ ಓಡಿಹೋಗುತ್ತಿದ್ದ ಕಾಲವದು. ಲಾರಿಗಟ್ಟಲೆ ಹೋಗುತ್ತಿತ್ತು. ಹಾಗೆಂದು ನಾನೂ ನಕ್ಕಿದ್ದೆ.

ನಮ್ಮ ಓಣಿಯ ಲೈನ್‌ಮನ್ ಬಂದು ಕಂಬದ ಡಬ್ಬಿ ತೆರೆದು ನೋಡಿ, ಆಗುವುದಿಲ್ಲ ಎಂದ. ಒಂದು ಫೋನಿಗೆ ಒಂದು ಜೋಡಿ ತಂತಿ ಬೇಕು, ಈ ಡಬ್ಬಿಯಲ್ಲಿ ಒಂದು ಜೋಡಿಯೂ ಖಾಲಿಯಿಲ್ಲ, ಹೊಸ ಕೇಬಲ್ ಎಳೆಯುವ ತನಕ ಕಾಯಬೇಕು. ಯಾವಾಗ ಎಳೆಯುತ್ತಾರೆ ಎಂದರೆ, ಮೇಲಿನವರಿಗೆ ಗೊತ್ತು. ನಾನು ಬಿಡಲಿಲ್ಲ. ಚಹಾ ಕುಡಿಸಿದೆ. ಅವನ ತಮ್ಮನದೊಂದು ಲಾರಿಯಿತ್ತು, ಲೋಡಿಂಗ್ ಪಾಳಿ ಸಿಗದೆ ನಿಂತಿತ್ತು. ಆ ಲಾರಿಗೆ ಪಾಳಿ ಸಿಗುವಂತೆ ಮಾಡಿದೆ. ಆಮೇಲೆ ಅವನೇ ದಾರಿ ಹೇಳಿದ. ಪಕ್ಕದ ರೊಟ್ಟಿ ಮುದುಕಿಯ ಜೋಡಿಯನ್ನು ನಿಮ್ಮ ಮನೆಗೆ ತಿರುಗಿಸಿಬಿಡುತ್ತೇನೆ, ಆಕೆ ಕೇಳಿದರೆ ಕೇಬಲ್ ಕೆಟ್ಟಿದೆ ಎಂದು ಹೇಳಿದರಾಯಿತು, ಹೊಸ ಕೇಬಲ್ ಬಂದ ಮೇಲೆ ಸರಿಮಾಡಿಕೊಡೋಣ. ಆಕೆ ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ, ಹೋದದ್ದು ಜಲ್ದಿ ಗೊತ್ತೂ ಆಗುವುದಿಲ್ಲ.

ಆಕೆಗೆ ಬರುವ ಫೋನುಗಳ ಗತಿ ಏನು ಎಂದು ನಾನು ಕೇಳಿದ್ದು ನಿಜ. ಅಷ್ಟು ಕೇಳಿದ್ದೆ ಎಂಬುದನ್ನು ಬಹಳ ವರ್ಷ ನನ್ನ ಪರವಾಗಿ ಹಿಡಿದುಕೊಂಡಿದ್ದೆ. ಲೈನ್‌ಮನ್ ನಕ್ಕು ಹೇಳಿದ: "ಮಾಡಿದೋರಿಗೆ ರಿಂಗ್ ಹೊಂಟಂಗ ಕೇಳಸ್ತೈತ್ರಿ. ಇಲ್ಲಿ ಮಾತ್ರ ಬಡಿಯಂಗಿಲ್ಲ. ಮನಿಯಾಗ ಯಾರೂ ಇಲ್ಲ ಅನ್ಕೋತಾರ, ಅಷ್ಟ."

ಶನಿವಾರ ಕೆಲಸವಾಯಿತು. ಭಾನುವಾರ ಬೆಳಿಗ್ಗೆ ನಾನು ಮೋಡೆಮ್ಮಿನ ಹಸಿರು ದೀಪಗಳು ಮಿನುಗುವುದನ್ನೇ ನೋಡುತ್ತ ಕೂತಿದ್ದೆ. ಒಂದು ಮೇಲ್ ಬಂತು, ಎಲ್ಲರಿಗಿಂತ ಮೊದಲು ಹೂಂ ಎಂದೆ. ಹೆಂಡತಿಗೆ ಸಿಹಿ ಮಾಡು ಎಂದೆ. ಪಕ್ಕದಲ್ಲಿ ಅಕ್ಕಾರು ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆ ಕೇಳುತ್ತಿತ್ತು.

ಅದೇ ಬೆಳಿಗ್ಗೆ ಓಣಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಹುಡುಗಿಯ ತಾಯಿ ಕಂಪ್ಲಿಯಲ್ಲಿ ತೀರಿಕೊಂಡಿದ್ದಳು.

ಹುಡುಗಿ ಎಂದರೆ ಮದುವೆಯಾದವಳೇ, ಗಂಡ ಯಶವಂತನಗರದಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಹಿಂದಿನ ಹಬ್ಬದಲ್ಲಿ ತವರಿಗೆ ಹೋದಾಗ, ಅವ್ವನನ್ನು ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ನಾನು ಹೊಸಪೇಟೆಗೆ ಕರೆದೊಯ್ಯುತ್ತೇನೆ ಎಂದು ಅಣ್ಣಂದಿರ ಜೊತೆ ಜಗಳಾಡಿ ಬಂದಿದ್ದಳು. ಆದರೂ ಪ್ರತಿ ವಾರ ಅಕ್ಕಾರ ಫೋನಿಗೆ ತಾಯಿಯ ಮಾತು ಬರುತ್ತಿತ್ತು. ಆ ದಿನ ದೊಡ್ಡಣ್ಣ ಕಂಪ್ಲಿಯ ಎಸ್‌ಟಿಡಿ ಬೂತಿನಿಂದ ಅಕ್ಕಾರ ನಂಬರಿಗೆ ಮಾಡಿದ್ದಾನೆ. ರಿಂಗ್ ಹೋಗುತ್ತದೆ, ಯಾರೂ ಎತ್ತುವುದಿಲ್ಲ. ಮತ್ತೆ ಮಾಡಿದ್ದಾನೆ. ಬಡಿದ ಕೂಡಲೇ ಎತ್ತುವ ಅಕ್ಕಾರು ಎತ್ತದೆ ಇರುವುದೆಂದರೇನು? ತಂಗಿಯೇ ಎತ್ತಬೇಡಿ ಎಂದಿರಬೇಕು ಎಂದುಕೊಂಡಿದ್ದಾನೆ. ಫೋನೇ ಎತ್ತದವಳ ಮನೆಗೆ ಆಳು ಕಳಿಸಬೇಕೇ ಎಂದು ಸಿಟ್ಟಿನಲ್ಲಿ ಸಂಜೆಗೆ ಮಣ್ಣು ಮಾಡಿಬಿಟ್ಟಿದ್ದಾರೆ.

ಹುಡುಗಿಗೆ ಗೊತ್ತಾದದ್ದು ಮಂಗಳವಾರ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ನೆಂಟನೊಬ್ಬ, ನಿಮ್ಮವ್ವನ ಮಣ್ಣಿಗೆ ಯಾಕೆ ಬರಲಿಲ್ಲ ಎಂದು ಕೇಳಿದಾಗ. ಹಾಗೇ ಕಂಪ್ಲಿ ಬಸ್ಸು ಹತ್ತಿದಳು. ಅಣ್ಣಂದಿರು ಬಾಗಿಲಲ್ಲೇ ನಿಲ್ಲಿಸಿ, ನಿನಗೆ ಈ ಮನೆ ಮುಗಿಯಿತು ಎಂದು ಕಳಿಸಿದರು. ಮಧ್ಯಾಹ್ನ ತಿರುಗಿ ಬಂದವಳು ತನ್ನ ಮನೆಗೆ ಹೋಗಲಿಲ್ಲ. ಅಕ್ಕಾರ ಕಟ್ಟೆಯ ಮುಂದೆ ನಿಂತಳು.

"ಯಾಕ ಎತ್ತಲಿಲ್ರಿ?"

ಅಕ್ಕಾರಿಗೆ ಅರ್ಥವಾಗಲಿಲ್ಲ. ಅವಳು ಎಲ್ಲ ಹೇಳಿದಳು. ಅಕ್ಕಾರು ಎದ್ದು ನಿಂತರು. "ಬಡಿದಿಲ್ಲ ತಂಗಿ. ಬಡಿದಿದ್ರ ನಾ ಬಿಡ್ತಿದ್ನೇನು?"

"ಅಲ್ಲಿ ರಿಂಗ್ ಹೊಂಟಿತ್ತು. ಅಲ್ಲಿ ಹೊಂಟಿದ್ದು ಇಲ್ಲಿ ಬಡಿಯಂಗಿಲ್ಲ ಅಂದ್ರ ಯಾರು ನಂಬ್ತಾರ್ರಿ?"

ಅಕ್ಕಾರು ಒಳಗೆ ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಏನೂ ಇಲ್ಲ. ಆಗಲೇ ಅವರಿಗೂ ಗೊತ್ತಾದದ್ದು. ಹೊರಗೆ ಬಂದು, ಫೋನು ಸತ್ತೈತಿ, ಬಂದು ನೋಡ್ರಿ ಎಂದರು. ಅಷ್ಟರಲ್ಲಿ ಕೂಡಿದ್ದ ಓಣಿಯ ಗುಂಪಿನಲ್ಲಿ ಯಾರೋ, ಸತ್ತ ಫೋನಿಗೆ ರಿಂಗ್ ಹೋಗ್ತೈತೇನಬೇ ಎಂದು ನಕ್ಕರು. ಇನ್ನೊಬ್ಬರು, ಈಗ ವೈರು ಕಿತ್ತಿಟ್ಟಿರಬೇಕು ಎಂದರು. ಅಷ್ಟು ವರ್ಷ ಆ ಫೋನಿನಿಂದಲೇ ತಮ್ಮ ಮನೆಯ ಹೆರಿಗೆ, ಸಾವು, ಪಗಾರದ ಸುದ್ದಿ ಕೇಳಿದ್ದ ಜನ. ಅವರ ಮೇಲೂ ತಪ್ಪು ಹೊರಿಸಲಾರೆ. ಅಲ್ಲಿ ರಿಂಗ್ ಕೇಳಿದರೆ ಇಲ್ಲಿ ಬಡಿಯಲೇಬೇಕು ಎಂದು ಯಾರಾದರೂ ತಿಳಿಯುತ್ತಾರೆ. ಹಾಗಲ್ಲ ಎಂದು ಆ ಓಣಿಯಲ್ಲಿ ತಿಳಿದಿದ್ದವನು ಒಬ್ಬನೇ, ನಾನು. ನನ್ನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ. ಇಳಿಯಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಒಳಗೆ ಕಂಪ್ಯೂಟರ್ ಹೊತ್ತಿಕೊಂಡಿತ್ತು.

ಹುಡುಗಿ ಕೊನೆಗೆ ಒಂದೇ ಮಾತು ಹೇಳಿದಳು: "ನಮ್ಮವ್ವನ ಮಾರಿ ನೋಡೋದು ತಪ್ಪಿಸಿದ್ರಿ ಅಕ್ಕಾರ. ತವರುಮನಿನೂ ತಪ್ಪಿಸಿದ್ರಿ."

ಮರುದಿನ ಅಕ್ಕಾರು ನನ್ನ ಹತ್ತಿರವೇ ಬಂದರು. ಟೆಲಿಫೋನ್ ಆಫೀಸಿನ ಯಾರಾದರೂ ಬಂದು, ಭಾನುವಾರ ಫೋನು ಕೆಟ್ಟಿತ್ತು ಎಂದು ಆ ಹುಡುಗಿಗೆ ಒಂದು ಮಾತು ಹೇಳಿದರೆ ಸಾಕು ಎಂದರು. ನಾನು ಇಲ್ಲ ಎನ್ನಲಾರದೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿಬಿಡಬೇಕು, ಈ ತಿರುವಿನಲ್ಲಿ ಹೇಳಬೇಕು, ಆ ಲಾರಿ ದಾಟಿದ ಮೇಲೆ ಹೇಳಬೇಕು ಎಂದುಕೊಳ್ಳುತ್ತಲೇ ಆಫೀಸು ಬಂತು. ಅಲ್ಲಿದ್ದವನು ಅದೇ ಲೈನ್‌ಮನ್. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಅವನ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಅಕ್ಕಾರನ್ನು ನೋಡದೆ ನನ್ನನ್ನೇ ನೋಡುತ್ತ, ಕೇಬಲ್ ಕೆಟ್ಟಿದ್ದು ಸೋಮವಾರ, ಭಾನುವಾರ ಸರಿಯಿತ್ತು ಎಂದ. ನಾನು ಗೋಡೆಯ ಮೇಲಿನ ಫ್ಯಾನ್ ಸ್ವಿಚ್ಚುಗಳನ್ನು ನೋಡುತ್ತಿದ್ದೆ.

ವಾಪಸು ಬರುವಾಗ ಅಕ್ಕಾರು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಕೇಳಿದರು. "ಹಂಗಾರ ನನ್ನ ಕಿವೀನ ಹೋಗ್ಯಾವೇನ್ರಿ ಅಣ್ಣಾರ? ರೊಟ್ಟಿ ಸಪ್ಪಳದಾಗ ಕೇಳಿಸಲಿಲ್ಲೇನು?"

ಅವತ್ತಿನಿಂದ ಅವರ ರೊಟ್ಟಿಯ ಸದ್ದು ಬದಲಾಯಿತು. ನಾಲ್ಕು ಬಡಿತ ಬಡಿದು ನಿಲ್ಲಿಸುವರು, ಕಿವಿಗೊಡುವರು, ಮತ್ತೆ ನಾಲ್ಕು ಬಡಿತ. ಸತ್ತ ಫೋನೆಂದು ಗೊತ್ತಿದ್ದೂ ನಿಲ್ಲಿಸುವರು. ಗೋಡೆಯಾಚೆ ನಾನು ಮೇಲ್ ಓದುತ್ತ ಕೂತಿರುತ್ತಿದ್ದೆ, ಆ ಸದ್ದು ನಿಂತ ಕೂಡಲೇ ನನಗೆ ಅಕ್ಷರ ಕಾಣುತ್ತಿರಲಿಲ್ಲ. ಎದ್ದು ಓಡಾಡುತ್ತಿದ್ದೆ. ಹೆಂಡತಿ, ನಿಮಗೇನಾಗೈತಿ ಎನ್ನುವಳು. ಧಂದೆ ಎನ್ನುತ್ತಿದ್ದೆ. ಅವಳಿಗೂ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಹೊಸ ಕೇಬಲ್ ಬಂತು, ಅಕ್ಕಾರ ಫೋನಿಗೆ ಜೀವ ಬಂತು. ಅಷ್ಟರಲ್ಲಿ ಓಣಿಯ ಜನ ಒಬ್ಬೊಬ್ಬರಾಗಿ ಮೊಬೈಲ್ ಕೊಂಡಿದ್ದರು. ಹೇಗೂ ಕೊಳ್ಳುತ್ತಿದ್ದರು, ನಾನು ಮಾಡಿದ್ದರಿಂದ ಏನೂ ಬದಲಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೊಂಡವರು ಯಾಕೆ ಕೊಂಡೆವೆಂದು ಅಕ್ಕಾರ ಕಟ್ಟೆಯ ಮುಂದೆಯೇ ಹೇಳಿಕೊಂಡು ಹೋಗುತ್ತಿದ್ದರು. ಹುಡುಗಿ ಮನೆ ಖಾಲಿ ಮಾಡಿ ಗಂಡನ ಜೊತೆ ಯಶವಂತನಗರಕ್ಕೆ ಹೋದಳು. ಸ್ವಲ್ಪ ದಿನಕ್ಕೆ ಅಕ್ಕಾರೂ ಫೋನ್ ತೆಗೆಸಿ, ಕಂಪ್ಲಿಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು.

ಕೆಲವು ವರ್ಷಕ್ಕೆ ಗಣಿಗಳು ನಿಂತವು. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ತುಕ್ಕು ಹಿಡಿದವು. ಕೆಲಸವಿಲ್ಲದೆ ಕೂತ ಮೇಲೆ ನನ್ನ ತಳಮಳ ಕಡಿಮೆಯಾಗುವುದು ಹೋಗಿ ಹೆಚ್ಚಾಯಿತು. ಒಂದು ದಿನ ಕಂಪ್ಲಿಗೆ ಹೋಗಿ ಅಕ್ಕಾರ ಮುಂದೆ ಕೂತೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎಲ್ಲ ಹೇಳಿದೆ. ಡಬ್ಬಿ, ಜೋಡಿ ತಂತಿ, ರಿಂಗ್ ಕೇಳಿಸುತ್ತದೆಂದು ಲೈನ್‌ಮನ್ ಮೊದಲೇ ಹೇಳಿದ್ದು, ನಾನು ಬಾಗಿಲಲ್ಲಿ ನಿಂತಿದ್ದು.

ಬೈಯಲಿಲ್ಲ. ಕಲ್ಲು ಆರಿಸಿ ಪಕ್ಕಕ್ಕೆ ಹಾಕುತ್ತಲೇ ಕೇಳಿದರು. "ಹಂಗಾರ ರಿಂಗ್ ಹೊಂಟಿತ್ತು ಅಂದಿದ್ದು ಖರೇನ?"

"ಖರೇ ಅಕ್ಕಾರ."

"ಮತ್ತ ಅವರೂ ಸುಳ್ಳು ಹೇಳಿಲ್ಲ." ಮೊರ ಕೆಳಗಿಟ್ಟರು. "ಆ ಅಣ್ಣಂದಿರು ತಾವು ಫೋನು ಮಾಡಲಾರದನ ತಪ್ಪು ನನ್ನ ಮ್ಯಾಲ ಹಾಕ್ಯಾರ ಅಂತ ಇಷ್ಟು ದಿನ ಬೈಕೊಂಡೇನಿ. ಇಲ್ಲೇ ಎರಡು ಓಣಿ ಆಚೆ ಅದಾರ, ಎದುರಿಗೆ ಬಂದ್ರ ಮಾರಿ ತಿರುವೇನಿ." ಆಮೇಲೆ, ನನಗಲ್ಲ ಎಂಬಂತೆ, "ನನ್ನ ಕಿವಿನೂ ಸರಿ ಇದ್ವು," ಅಂದರು.

ನಾನು ಕಾಲು ಹಿಡಿಯಲು ಬಾಗಿದೆ. ಕಾಲು ಹಿಂದಕ್ಕೆಳೆದುಕೊಂಡರು. "ನನ್ನ ಕಾಲು ಬ್ಯಾಡ್ರಿ. ನನಗೇನಾಗೈತಿ? ಆ ಹುಡುಗಿಗೆ ಹೇಳ್ರಿ. ನಾ ಹೇಳಿದ್ರ ನೆವ ಹೇಳ್ತಾಳಂತಾಳ. ನೀವು ಹೇಳಿದ್ರ ಆಕಿ ಅಣ್ಣಂದಿರ ಮನಿಗೆ ಬಂದು ಹೋಗಂಗ ಆಕ್ಕೈತಿ."

ಆ ದಿನ ಅವರು ನನಗೆ ಊಟ ಮಾಡಿ ಹೋಗಿ ಎನ್ನಲಿಲ್ಲ.

ಯಶವಂತನಗರಕ್ಕೆ ಹೋದೆ. ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ, ನಳದ ಹತ್ತಿರ ಕೊಡ ಹಿಡಿದು ನಿಂತಿದ್ದಳು. ನನ್ನ ಗುರುತು ಹಿಡಿದು, ಮನೆಗೆ ಬರ್ರಿ ಎಂದು ಕರೆದು ಚಹಾ ಕೊಟ್ಟಳು. ಗಂಡನಿಗೆ ಕೆಲಸ ನಿಂತಿತ್ತು. ನಾನು ಮಾತು ಶುರು ಮಾಡುವ ಮೊದಲೇ ಅವಳು ಕೇಳಿದಳು: "ಕಂಪ್ಲಿ ಕಡೆ ಹೋಗಿದ್ರೇನ್ರಿ? ನಮ್ಮಣ್ಣ ಎಲ್ಲೆರ ಕಂಡಿದ್ನೇನು? ಸೊರಗ್ಯಾನೇನು?"

ನಾನು ಆ ಒಂದು ಮಾತು ಹೇಳಿದ್ದರೆ ಅವಳು ಅಂದೇ ಬಸ್ಸು ಹತ್ತುತ್ತಿದ್ದಳು. ಅಷ್ಟು ಆಸೆ ಇತ್ತು ಆ ಕಣ್ಣಿನಲ್ಲಿ. ಅದೇ ನನ್ನನ್ನು ಹೆದರಿಸಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಕಂಡಿಲ್ಲ ಎಂದೆ. ಬಸ್ಸಿನ ಹೊತ್ತಾಯಿತು ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ರಸ್ತೆಯಲ್ಲಿ ಅತ್ತಿಂದಿತ್ತ ನಡೆದಾಡಿದೆ, ಎರಡು ಸಲ ಅವಳ ಮನೆಯ ತಿರುವಿನ ತನಕ ಹೋಗಿ ವಾಪಸು ಬಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿ. ಆದರೆ ಮುಂದಿನ ಸಲ ಕಂಪ್ಲಿಗೆ ಹೋದಾಗ ಅಕ್ಕಾರು ನನ್ನನ್ನು ಕಂಡ ಕೂಡಲೇ, ಹೇಳಿದಿರೇನು ಎಂದು ಕೇಳಿದರು. ಹೇಳಿದೆ ಎಂದೆ. ಬಾಯಿಂದ ಬಂದುಬಿಟ್ಟಿತು. ಅವರ ಮುಖ ಅರಳಿದ್ದನ್ನು ನೋಡಿದೆ. ಆ ಹೊತ್ತಿಗೆ ಅದು ಒಳ್ಳೆಯದೇ ಆಯಿತು ಅನ್ನಿಸಿತು. ರೊಟ್ಟಿ ಬಡಿದು ಕೊಟ್ಟರು. ತಿಂದೆ.

ಅದಾದ ಮೇಲೆ ಅವರು ಕಾಯತೊಡಗಿದರು. ಅದು ನನಗೆ ತಿಳಿದದ್ದು ತಡವಾಗಿ. ಹಬ್ಬ ಬಂದಾಗಲೆಲ್ಲ ಅಣ್ಣಂದಿರ ಓಣಿಯ ಕಡೆ ಹೋಗಿ, ಆ ಹುಡುಗಿ ಬಂದಿದ್ದಾಳೇನು ಎಂದು ನೋಡಿ ಬರುತ್ತಿದ್ದರಂತೆ. ಕೊನೆಯ ಸಲ ನಾನು ಹೋದಾಗ ಹಾಸಿಗೆ ಹಿಡಿದಿದ್ದರು. ನನ್ನನ್ನು ಹತ್ತಿರ ಕರೆದು, "ಹೇಳಿದ ಮ್ಯಾಲೂ ಬರಲಿಲ್ಲಲ್ರಿ ಆಕಿ," ಅಂದರು. "ಅಷ್ಟು ಸಿಟ್ಟೇನು ನನ್ನ ಮ್ಯಾಲ?"

ಆಗಲಾದರೂ ಬಾಯಿ ಬಿಡಬಹುದಿತ್ತು. ಅವರ ಕೈ ನನ್ನ ಕೈಯಲ್ಲಿತ್ತು. ಬರ್ತಾಳ ಅಕ್ಕಾರ ಎಂದೆ.

ಅಕ್ಕಾರಿಗೆ ಮೊದಲನೆಯ ತಪ್ಪನ್ನಾದರೂ ಒಪ್ಪಿಕೊಂಡಿದ್ದೇನೆ. ಎರಡನೆಯದಕ್ಕೆ ಇನ್ನು ಅವರಿಲ್ಲ. ಯಾರಿಗೆ ಒಂದು ಮಾತೂ ಹೇಳಲಿಲ್ಲವೋ ಅವಳು ಎಲ್ಲಿದ್ದಾಳೋ ನನಗೀಗ ಗೊತ್ತಿಲ್ಲ. ಮೊನ್ನೆ ಮಣ್ಣು ಮುಗಿದ ಮೇಲೆ ಯಶವಂತನಗರಕ್ಕೆ ಹೋಗಿ ಕೇಳಿದೆ, ಆ ಸಾಲಿನ ಮನೆಗಳಲ್ಲಿ ಈಗ ಬೇರೆ ಜನ ಇದ್ದಾರೆ. ಕಂಪ್ಲಿಯ ಅಣ್ಣಂದಿರ ಬಾಗಿಲಿಗೂ ಹೋದೆ, ಬೀಗ ಹಾಕಿತ್ತು. ನಾಳೆ ಮತ್ತೆ ಹೋಗುತ್ತೇನೆ. ಅಷ್ಟರಲ್ಲಿ ಇದನ್ನು ಓದಿದವರಲ್ಲಿ ಯಾರಿಗಾದರೂ ಅವಳು ಸಿಕ್ಕರೆ, ಅಕ್ಕಾರ ಮನೆಯಲ್ಲಿ ಆ ದಿನ ಫೋನು ಬಡಿಯಲೇ ಇಲ್ಲ, ಆ ತಂತಿ ನನ್ನ ಮನೆಯಲ್ಲಿತ್ತು, ಅಣ್ಣ ಫೋನ್ ಮಾಡಿದ್ದೂ ನಿಜ ಎಂದು ಹೇಳಿ. ಅವಳ ಹೆಸರು ಹುಲಿಗೆಮ್ಮ.